ನಾಲ್ಕು ಕುರ್ಚಿ, ಎರಡು ಟವೆಲ್

ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಹಳದಿ ಬಣ್ಣದ ಕರಪತ್ರವೊಂದು ಜಾರಿ ಅಮ್ಮನ ಕಾಲ ಬಳಿ ಬಿತ್ತು. ಪೇಪರಿನ ಜೊತೆ ನಮ್ಮ ಮನೆಗೆ ಬರುವ ಕರಪತ್ರಗಳು ಸಾಮಾನ್ಯವಾಗಿ ಟ್ಯೂಷನ್ನಿನವೋ ಸೀರೆ ಅಂಗಡಿಯ ರಿಯಾಯಿತಿಯವೋ ಆಗಿರುತ್ತವೆ. ಯಾರೂ ಓದದೆಯೇ ಅವು ಹುಣಸೆಹಣ್ಣಿನ ಡಬ್ಬಿಯ ತಳ ಸೇರುತ್ತವೆ. ಇದನ್ನು ಮಾತ್ರ ಅಮ್ಮ ಎತ್ತಿಕೊಂಡಳು. ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿ, ಮಡಚಿ ಪಂಚಾಂಗದೊಳಗೆ ಇಟ್ಟಳು.

ಸಂಜೆ ನಾನು ಸ್ಕೂಲಿನಿಂದ ಬಂದ ಮೇಲೆ ಕಾಫಿ ಲೋಟ ಕೊಡುತ್ತಾ, "ಅವರು ನಮ್ಮೂರಿಗೇ ಬರ್ತಾರಂತೆ ಕಣೋ" ಎಂದಳು.

ಅವರು ಎಂದರೆ ಒಬ್ಬ ಗಾಯಕಿ. ಹೆಸರು ಹೇಳುವುದಿಲ್ಲ. ಮುಂದೆ ನಡೆದದ್ದರಲ್ಲಿ ಅವರದೇನೂ ತಪ್ಪಿಲ್ಲ. ಆದರೂ ಅವರ ಹೆಸರು ಹೇಳಿದರೆ ಊರಿನ ಹೆಸರು ಹೊರಬೀಳುತ್ತದೆ, ಊರಿನ ಹೆಸರು ಬಿದ್ದರೆ ಸಂಘದ ಹೆಸರೂ ಬಿದ್ದಂತೆಯೇ. ಸಂಘದ ಪದಾಧಿಕಾರಿಗಳಲ್ಲಿ ಇಬ್ಬರ ಅಂಗಡಿಯಿಂದ ನಮಗೆ ತಿಂಗಳ ದಿನಸಿ ಬರುತ್ತದೆ. ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ ಎಂದರೆ ಸಾಕು.

ಕರಪತ್ರದಲ್ಲಿ ಇದ್ದದ್ದು ಇಷ್ಟು: ರಾಜ್ಯೋತ್ಸವದ ಅಂಗವಾಗಿ ಹೈಸ್ಕೂಲು ಮೈದಾನದಲ್ಲಿ ಭವ್ಯ ಸಂಗೀತ ಸಂಜೆ. ಸಂಜೆ 6ಕ್ಕೆ ಸರಿಯಾಗಿ ಆರಂಭ. ಪ್ರವೇಶ ಉಚಿತ. ಆಸನಗಳನ್ನು ಕಾಯ್ದಿರಿಸಿರುವುದಿಲ್ಲ. ಮೊದಲು ಬಂದವರಿಗೆ ಆದ್ಯತೆ. ಇದರ ಕೆಳಗೆ ದಾನಿಗಳ, ಅತಿಥಿಗಳ ಹೆಸರು, ಭಾವಚಿತ್ರ. ಗಾಯಕಿಯ ಚಿತ್ರ ಬಲಗಡೆ ಕೆಳಮೂಲೆಯಲ್ಲಿ ಅಂಚೆಚೀಟಿಯಷ್ಟಿತ್ತು. ಅದನ್ನು ನೋಡಿಯೇ ನನಗೆ ಅರ್ಥವಾಗಬೇಕಿತ್ತು.

ಅಮ್ಮನಿಗೆ 72 ವರ್ಷ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮದುವೆಗೆ ಮೊದಲು ಆರು ವರ್ಷ ಸಂಗೀತ ಕಲಿತಿದ್ದಳು. ಸರಳೆ, ಜಂಟಿ, ಅಲಂಕಾರ, ಗೀತೆಗಳು ಮುಗಿದು ಎರಡು ವರ್ಣ ಆಗಿತ್ತಂತೆ. ಅಷ್ಟರಲ್ಲಿ ಮದುವೆಯಾಯಿತು. ಈ ಮನೆಯಲ್ಲಿ ಆಗ ಹನ್ನೊಂದು ಜನ. ಹಾಡಬೇಡ ಎಂದು ಯಾರೂ ಹೇಳಲಿಲ್ಲ. ಸಾಧಕ ಮಾಡುವ ಹೊತ್ತೂ ಹಾಲು ಕಾಯಿಸುವ ಹೊತ್ತೂ ಒಂದೇ ಆಗಿತ್ತು, ಅಷ್ಟೇ. ನಾನು ಹುಟ್ಟಿದಾಗಿನಿಂದ ಅವಳ ಹಾಡು ಕೇಳಿಲ್ಲ. ಗೌರಿಹಬ್ಬದ ಆರತಿಯಲ್ಲೂ ಅವಳ ದನಿ ಚಿಕ್ಕಮ್ಮಂದಿರ ದನಿಯ ಹಿಂದೆ ಅಡಗಿರುತ್ತಿತ್ತು. ರೇಡಿಯೋ ಮಾತ್ರ ಬಿಡಲಿಲ್ಲ. "ಆಕಾಶವಾಣಿ ಅನ್ನೋ ಹೆಸರು ಮೊದಲು ಬಂದಿದ್ದೇ ನಮ್ಮ ಮೈಸೂರಲ್ಲಿ" ಎನ್ನುವುದು ಅವಳ ಹಳೆಯ ಹೆಮ್ಮೆ. ಅದು ನಿಜವೂ ಹೌದು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರಕ್ಕೆ ಆ ಹೆಸರು ಬಂತು. ಅಮ್ಮ ರೇಡಿಯೋ ಹಾಕಿಕೊಂಡು ಹುರುಳಿಕಾಯಿ ಸೋಸುವಾಗ ಎಡಗೈ ನಾರು ತೆಗೆಯುತ್ತಿದ್ದರೆ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಅವಳಿಗೆ ಗೊತ್ತೇ ಇರುವುದಿಲ್ಲ.

ಅಂಥವಳು ಮೊದಲ ಸಲ ಬಾಯಿಬಿಟ್ಟು ಕೇಳಿದ್ದಳು. ಕರೆದುಕೊಂಡು ಹೋಗುವುದಷ್ಟೇ ಅಲ್ಲ, ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ ಎಂದು ನಾನು ತೀರ್ಮಾನಿಸಿದೆ. ಎಡವಟ್ಟು ಆದದ್ದು ಆ ತೀರ್ಮಾನದಿಂದಲೇ.

ಅಂದು 4 ಗಂಟೆಗೇ ಹೊರಟೆವು. ಅಮ್ಮ, ಹೆಂಡತಿ, ಐದನೇ ಕ್ಲಾಸಿನ ಮಗಳು, ನಾನು. ಅಮ್ಮ ಸ್ವೆಟರ್ ತೊಟ್ಟು, ತಲೆಗೆ ಮಫ್ಲರ್ ಸುತ್ತಿ ಸಿದ್ಧವಾಗಿದ್ದಳು. "ಅತ್ತೆ, ಮಧ್ಯಾಹ್ನದಿಂದ ನೀರೇ ಕುಡಿದಿಲ್ಲ ನೀವು" ಎಂದು ಹೆಂಡತಿ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಬಾಯಾರಿಕೆ ಇಲ್ಲಮ್ಮ" ಎಂದಳು ಅಮ್ಮ. ನಾನು ಚೀಲಕ್ಕೆ ಎರಡು ಟವೆಲ್ ತುರುಕುವುದರಲ್ಲಿದ್ದೆ.

ಟವೆಲ್ ಯಾಕೆ ಎಂದು ಓದುಗರಿಗೆ ವಿವರಿಸಬೇಕಿಲ್ಲ. ನಮ್ಮ ಕಡೆ ಕೆಂಪು ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿಯಿದೆ. ಯಾವ ಕಾನೂನು ಪುಸ್ತಕದಲ್ಲೂ ಇಲ್ಲದ, ಆದರೂ ಎಲ್ಲರೂ ಒಪ್ಪುವ ಕಾನೂನು ಅದು. ಅಗಲ ಟವೆಲ್ಲಾದರೆ ಮೂವರ ಸೀಟು, ಕರ್ಚೀಫಾದರೆ ಒಂದು. ಕರ್ಚೀಫೂ ಇಲ್ಲದವರು ಮಗುವನ್ನೇ ಕಿಟಕಿಯಿಂದ ಒಳಗೆ ಇಳಿಸಿದ್ದನ್ನು ನೋಡಿದ್ದೇನೆ. ಕೂತವರು ಎದ್ದೇಳಬೇಕಾದರೆ ಹೇಳಬೇಕಾದ ಮಂತ್ರ ಎರಡೇ ಪದದ್ದು: "ಜನ ಇದ್ದಾರೆ."

ಮೈದಾನ ತಲುಪಿದಾಗ ಕುರ್ಚಿಗಳು ಇನ್ನೂ ಲಾರಿಯಲ್ಲೇ ಇದ್ದವು. ಇಳಿಸಲು ಬಂದವರು ಇಬ್ಬರು ಹುಡುಗರು. ಬೇಗ ಬಂದಿದ್ದ ನಾವೇ ಹತ್ತು ಹದಿನೈದು ಜನ ಕೈಹಚ್ಚಿ ಇಳಿಸಿದೆವು. ಸಾಲು ಹೇಗೆ, ನಡುವೆ ಓಡಾಡಲು ದಾರಿ ಎಲ್ಲಿ ಎಂದು ಹೇಳುವವರು ಯಾರೂ ಇರಲಿಲ್ಲ. ಯಾರಿಗೆ ಎಲ್ಲಿ ಚೆನ್ನಾಗಿ ಕಂಡಿತೋ ಅಲ್ಲಿ ಇಟ್ಟುಕೊಂಡರು. ಮೈದಾನಕ್ಕಿದ್ದ ಎರಡು ಗೇಟಿನಲ್ಲಿ ಒಂದಕ್ಕೆ ಬೀಗ. ಇನ್ನೊಂದರ ಒಳಗೂ ಹೊರಗೂ ಸ್ಕೂಟರ್‌ಗಳು. ನಾನು ಮೂರನೇ ಸಾಲಿನ ನಟ್ಟನಡುವೆ ನಾಲ್ಕು ಕುರ್ಚಿ ಇಟ್ಟು, ಅಮ್ಮನನ್ನು ಕೂರಿಸಿ, ಉಳಿದ ಮೂರರ ಮೇಲೆ ಟವೆಲ್ ಹಾಸಿ, ಯುದ್ಧ ಗೆದ್ದವನಂತೆ ಸುತ್ತ ನೋಡಿದೆ. ಹೆಂಡತಿ, ಮಗಳು ಕಡಲೆಕಾಯಿ ತರಲು ಹೋದರು.

ಅರ್ಧ ಗಂಟೆಯಲ್ಲಿ ಮೈದಾನ ತುಂಬಿತು. ಕುರ್ಚಿಗಳ ಮೇಲೆ ಟವೆಲ್ ಅಷ್ಟೇ ಅಲ್ಲ, ಛತ್ರಿ, ಟಿಫಿನ್ ಡಬ್ಬಿ, ಒಂದು ಕಡೆ ಬರೀ ಎಡಗಾಲಿನ ಚಪ್ಪಲಿ ಇತ್ತು. ಬಗಲಲ್ಲಿ ಎಂಟು ತಿಂಗಳ ಕೂಸನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ಬಂದು ನಮ್ಮ ಕೊನೆಯ ಕುರ್ಚಿಯ ಟವೆಲ್ ಸರಿಸಿ ಕೂರಲು ಹೋದಳು. "ಜನ ಇದ್ದಾರೆ" ಎಂದೆ. "ಎಲ್ಲಿದ್ದಾರೆ ಸಾರ್?" ಎಂದಳು, ಜಗಳಕ್ಕಲ್ಲ, ನಿಜವಾಗಿಯೇ ಹುಡುಕುತ್ತಾ. "ಬರ್ತಾರೆ" ಎಂದೆ. ಅವಳು ಹೋದಳು. ಅಮ್ಮ ಏನೂ ಹೇಳಲಿಲ್ಲ. ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡಳು.

6 ಗಂಟೆಗೆ ಸರಿಯಾಗಿ ಆರಂಭವಾದದ್ದು ಸೋಫಾಗಳ ಮೆರವಣಿಗೆ. ಮದುವೆ ಮಂಟಪದಲ್ಲಿ ವಧೂವರರಿಗೆ ಹಾಕುತ್ತಾರಲ್ಲ, ಅಂಥ ಕೆಂಪು ವೆಲ್ವೆಟ್ಟಿನವು ಒಂದಾದ ಮೇಲೊಂದು ಜನರ ತಲೆಯ ಮೇಲಿಂದ ತೇಲಿಬಂದವು. ಬ್ಯಾಡ್ಜ್ ಹಾಕಿಕೊಂಡ ಸ್ವಯಂಸೇವಕರು, "ಸ್ವಲ್ಪ ಹಿಂದೆ ಸರೀರಿ, ಸ್ವಲ್ಪವೇ" ಎಂದರು. ಸರಿದೆವು. ಸೋಫಾಗಳ ಹಿಂದೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು ಬಂದವು, ಸೋಫಾದವರ ಮನೆಯವರಿಗೆ. ಮತ್ತೆ ಸರಿದೆವು. ಆಮೇಲೆ ಪತ್ರಿಕೆಯವರಿಗೆ. ಮೂರನೇ ಸಾಲಿನಲ್ಲಿದ್ದ ನಾವು ಒಂದು ಹೆಜ್ಜೆಯನ್ನೂ ನಮ್ಮಿಚ್ಛೆಯಿಂದ ಇಡದೆ ಹನ್ನೊಂದನೇ ಸಾಲಿಗೆ ಬಂದಿದ್ದೆವು. ಮೊದಲು ಬಂದವರಿಗೆ ಆದ್ಯತೆ ಎಂದು ಕರಪತ್ರದಲ್ಲಿದ್ದದ್ದು ಸುಳ್ಳೇನಲ್ಲ. ಯಾವುದಕ್ಕೆ ಆದ್ಯತೆ ಎಂದು ಅದರಲ್ಲಿ ಬರೆದಿರಲಿಲ್ಲ.

ವೇದಿಕೆಯ ಎತ್ತರ ಮೊಣಕಾಲಿನಷ್ಟು. ಹನ್ನೊಂದನೇ ಸಾಲಿನಿಂದ ನಮಗೆ ಕಂಡದ್ದು ಹಿಂದಿನ ಬ್ಯಾನರ್ ಮತ್ತು ಅದರ ಮುಂದೆ ಓಡಾಡುವ ಪೇಟಗಳು. "ಕಾಣದಿದ್ರೇನು, ಕೇಳಿದ್ರೆ ಸಾಕು" ಎಂದಳು ಅಮ್ಮ. ಆಮೇಲೆ ಮೊಮ್ಮಗಳಿಗೆ ಕಥೆ ಶುರು ಮಾಡಿದಳು. ಎಂಟೋ ಒಂಬತ್ತೋ ವರ್ಷದವಳಿದ್ದಾಗ ಅವಳ ಅಪ್ಪ ಅವಳನ್ನು ಬಿಡಾರಂ ಕೃಷ್ಣಪ್ಪನವರ ರಾಮಮಂದಿರಕ್ಕೆ ಕರೆದೊಯ್ದು ಚೌಡಯ್ಯನವರ ಪಿಟೀಲು ಕೇಳಿಸಿದ್ದರಂತೆ. ಅಲ್ಲಿ ಕುರ್ಚಿಯೇ ಇರಲಿಲ್ಲ. ನೆಲಕ್ಕೆ ಜಮಖಾನ. ತಡವಾಗಿ ಬಂದವರು ಬಾಗಿಲಲ್ಲಿ, ಇನ್ನೂ ತಡವಾದವರು ಬೀದಿಯಲ್ಲಿ. "ಅವರ ಪಿಟೀಲಿಗೆ ಏಳು ತಂತಿ ಗೊತ್ತಾ? ಎಲ್ಲರದಕ್ಕೂ ನಾಲ್ಕೇ ಇರೋದು. ಮೈಕಿಲ್ಲದ ಕಾಲದಲ್ಲಿ ಹಿಂದೆ ಕೂತಿರೋರಿಗೂ ಕೇಳಿಸಲಿ ಅಂತ ಇನ್ನೂ ಮೂರು ಸೇರಿಸಿಕೊಂಡರು." ಚೌಡಯ್ಯನವರು ಈ ಏಳು ತಂತಿಯ ಪಿಟೀಲು ಹಿಡಿದದ್ದು 1927ರಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಇರುವ ಸಭಾಂಗಣ ಅವರ ಹೆಸರಿನದು ಎಂದು ನಾನು ಸೇರಿಸಿದೆ. "ಹಿಂದೆ ಕೂತಿರೋರಿಗೂ ಕೇಳಿಸಲಿ ಅಂತಾನಾ?" ಎಂದು ಮಗಳು ಇನ್ನೊಮ್ಮೆ ಕೇಳಿ, ಮುಂದಿನ ಸೋಫಾಗಳ ಕಡೆ ನೋಡಿದಳು.

7 ಗಂಟೆಗೆ ಭಾಷಣ ಶುರುವಾಯಿತು. ಅತಿಥಿಗಳು ಹದಿಮೂರು ಜನ. ಪ್ರತಿಯೊಬ್ಬರಿಗೂ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಫೋಟೋದಲ್ಲಿ ಒಬ್ಬರು ಕಣ್ಣು ಮುಚ್ಚಿದ್ದರಿಂದ ಅವರಿಗೆ ಹಾರವನ್ನು ಎರಡನೇ ಸಲ ಹಾಕಲಾಯಿತು. ಇದರ ಜೊತೆಗೆ ಒಂದು ವಿಚಿತ್ರವಿತ್ತು: ಪ್ರತಿ ಮಾತೂ ನಮಗೆ ಎರಡು ಸಲ ಕೇಳಿಸುತ್ತಿತ್ತು. "ಕನ್ನಡ ಕನ್ನಡ ನಾಡು ನಾಡು." ಯಾಕಪ್ಪಾ ಎಂದಳು ಮಗಳು. ನಾನು ವಿಜ್ಞಾನದ ಮೇಷ್ಟ್ರು, ಇಂಥ ಅವಕಾಶ ಬಿಡುವವನಲ್ಲ. ಸ್ಪೀಕರ್ ಒಂದು ವೇದಿಕೆಯ ಬಳಿ ಇದೆ, ಇನ್ನೊಂದು ಅಲ್ಲಿ ದೂರದ ಕಂಬದಲ್ಲಿದೆ. ತಂತಿಯಲ್ಲಿ ವಿದ್ಯುತ್ತು ಎರಡಕ್ಕೂ ಒಟ್ಟಿಗೇ ತಲುಪುತ್ತೆ. ಆದರೆ ಅಲ್ಲಿಂದ ನಮ್ಮ ಕಿವಿಗೆ ಬರೋ ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತೆ. ಒಂದು ಸ್ಪೀಕರ್ ಇನ್ನೊಂದಕ್ಕಿಂತ 68 ಮೀಟರ್ ದೂರ ಇದ್ದರೆ ಅದರ ಸದ್ದು ಸೆಕೆಂಡಿನ ಐದನೇ ಒಂದು ಭಾಗ ತಡ. ಕಿವಿಗೆ ಅಷ್ಟು ಸಾಕು, ಒಂದೇ ಮಾತು ಎರಡಾಗುತ್ತೆ. ಅಷ್ಟರಲ್ಲಿ ಮೈಕು ಕುಯ್ಯೋ ಎಂದು ಕಿರುಚಿತು. ಅದನ್ನೂ ವಿವರಿಸಿದೆ: ಸ್ಪೀಕರಿನಿಂದ ಬಂದ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು, ದೊಡ್ಡದಾಗಿ ಸ್ಪೀಕರಿಗೆ ಬಂದು, ಮತ್ತೆ ಮೈಕಿಗೆ ಹೋಗಿ, ಹೀಗೆ ಸುತ್ತಿ ಸುತ್ತಿ ಬೆಳೆಯುತ್ತೆ. "ಅಂದ್ರೆ ಅದು ತನ್ನ ಮಾತನ್ನ ತಾನೇ ಕೇಳಿಸ್ಕೊಳ್ತಾ ಇದೆ" ಎಂದಳು ಮಗಳು. ಐದನೇ ಅತಿಥಿ ಮಾತಾಡುತ್ತಿದ್ದರು. ಹಿಂದಿನ ಸಾಲಿನವರು ನಕ್ಕರು.

8 ಗಂಟೆಯ ಸುಮಾರಿಗೆ ಇಬ್ಬನಿ ಇಳಿಯತೊಡಗಿತು. ಶಾಮಿಯಾನ ಇದ್ದದ್ದು ಸೋಫಾಗಳ ಮೇಲೆ ಮಾತ್ರ. ಕುರ್ಚಿಯ ಕೈಗಳು ಒದ್ದೆಯಾದವು. ಅಮ್ಮ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದಳು. ಹೆಂಡತಿ ನನ್ನ ಕಡೆ ಬಾಗಿ, "ಅತ್ತೆಗೆ ಒಂದಕ್ಕೆ ಹೋಗಬೇಕಂತೆ" ಎಂದಳು. ನಾನು ಎದ್ದುನಿಂತು ಸುತ್ತ ನೋಡಿದೆ. ಎರಡು ಮೂರು ಸಾವಿರ ಜನರಿರಬಹುದು. ಅಂಥ ಒಂದು ಕೋಣೆ ಎಲ್ಲೂ ಇರಲಿಲ್ಲ. ಗಂಡಸರು ಹಿಂದಿನ ಕಾಂಪೌಂಡಿನ ಕಡೆ ಕತ್ತಲಲ್ಲಿ ಹೋಗಿ ಬರುತ್ತಿದ್ದರು. ಸ್ವಯಂಸೇವಕನೊಬ್ಬನನ್ನು ಕೇಳಿದೆ. ಶಾಲೆಯ ಕಟ್ಟಡದಲ್ಲಿ ಇದೆ ಸಾರ್, ಬೀಗ ಹಾಕಿದೆ ಎಂದ. ಬೀಗದ ಕೈ? ಅದು ಯಾರ ಹತ್ತಿರ ಇತ್ತೋ ಅವರು ವೇದಿಕೆಯ ಮೇಲೆ ಎಂಟನೆಯವರಾಗಿ ಸನ್ಮಾನಕ್ಕೆ ಕಾಯುತ್ತಿದ್ದರು.

ಆಗಲೇ ನನಗೆ ಆ ನೀರಿನ ಮಾತು ನೆನಪಾದದ್ದು. ಬಾಯಾರಿಕೆ ಇಲ್ಲದೆ ಅಲ್ಲ ಅವಳು ಮಧ್ಯಾಹ್ನದಿಂದ ಕುಡಿಯದೆ ಇದ್ದದ್ದು. ಹೀಗೇ ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಜಾತ್ರೆ, ಮದುವೆ, ಬಸ್ ಪ್ರಯಾಣ, ಎಲ್ಲಕ್ಕೂ ಅವಳು ಹೀಗೇ ಸಿದ್ಧವಾಗುತ್ತಿದ್ದಳೇನೋ. ನಾನು ಗಮನಿಸಿರಲಿಲ್ಲ. ಹೆಂಡತಿಯೂ ಅಂದು ಮಧ್ಯಾಹ್ನದ ಮೇಲೆ ನೀರು ಕುಡಿದಿರಲಿಲ್ಲ ಎಂಬುದು ಮರುದಿನ ಗೊತ್ತಾಯಿತು.

"ನೀವು ಇಲ್ಲೇ ಇರಿ, ಕುರ್ಚಿ ಹೋಗುತ್ತೆ. ನಾನು ಕರ್ಕೊಂಡು ಹೋಗ್ತೀನಿ" ಎಂದು ಹೆಂಡತಿ ತನ್ನ ಚೀಲವನ್ನು, ಅದರೊಳಗಿನ ಫೋನಿನ ಸಮೇತ, ನನ್ನ ಮಡಿಲಿಗೆ ಹಾಕಿ ಅಮ್ಮನ ತೋಳು ಹಿಡಿದುಕೊಂಡಳು. ಮಗಳೂ ಹಿಂದೆ ಹೋದಳು. ಮೂರು ಖಾಲಿ ಕುರ್ಚಿ. ಎರಡರ ಮೇಲೆ ಟವೆಲ್ ಹರಡಿ, ಮೂರನೆಯದರ ಮೇಲೆ ಕಾಲು ಚಾಚಿ ಕೂತೆ.

ಮುಂದಿನ ಮುಕ್ಕಾಲು ಗಂಟೆಯಲ್ಲಿ "ಜನ ಇದ್ದಾರೆ" ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹಿಂದಿನಿಂದ ಜನ ಒತ್ತುತ್ತಿದ್ದರು. ಒಬ್ಬ ಹುಡುಗ ಕುರ್ಚಿಯ ಮೇಲೆ ಹತ್ತಿ ನಿಂತ, ಅವನ ಹಿಂದಿನವನೂ ಹತ್ತಿದ, ಕೊನೆಗೆ ಒಂದಿಡೀ ಸಾಲು ಕುರ್ಚಿಗಳ ಮೇಲೆ ನಿಂತಿತು. ಒಬ್ಬರು ನನ್ನ ಟವೆಲ್ ತೆಗೆದು ನೆಲಕ್ಕೆ ಹಾಕಿದರು. ನಾನು ಏಕವಚನದಲ್ಲಿ ಮಾತಾಡಿದೆ. ಅವರೂ ಮಾತಾಡಿದರು. ಇಪ್ಪತ್ತು ವರ್ಷ ಪಾಠ ಮಾಡಿದ ಗಂಟಲಿನಲ್ಲಿ ಅಂಥ ಮಾತುಗಳು ಇದ್ದವೆಂದು ನನಗೇ ಗೊತ್ತಿರಲಿಲ್ಲ.

8.40ಕ್ಕೆ ಕೊನೆಯ ಅತಿಥಿ ಧನ್ಯವಾದ ಹೇಳಿದರು. ಗಾಯಕಿ ಬಂದು ಕೂತರು. ಆದರೂ ಹಾಡು ಶುರುವಾಗಲಿಲ್ಲ. 6 ಗಂಟೆಗೆ ಶ್ರುತಿ ಮಾಡಿಟ್ಟಿದ್ದ ಮೃದಂಗ ಇಬ್ಬನಿಯಲ್ಲಿ ಕಾಯುತ್ತಾ ಕೂತು ಇಳಿದುಬಿಟ್ಟಿತ್ತು. ಥಂಡಿ ತಗುಲಿದರೆ ಚರ್ಮ ಸಡಿಲವಾಗುತ್ತದೆ, ನಾದ ತಗ್ಗುತ್ತದೆ. ಅವರು ಕಲ್ಲಿನಿಂದ ತಟ್ಟಿ ತಟ್ಟಿ ಸರಿಮಾಡಿಕೊಳ್ಳುವಷ್ಟರಲ್ಲಿ ಇನ್ನೂ ಹತ್ತು ನಿಮಿಷ. ಕುರ್ಚಿಗಳ ಮೇಲೆ ನಿಂತವರು ಶಿಳ್ಳೆ ಹಾಕಿದರು.

ಕೊನೆಗೆ ಆರಂಭವಾಯಿತು. ಆರಂಭವಾಯಿತು ಎಂದು ನನಗೆ ಗೊತ್ತಾದದ್ದು ಗಲಾಟೆ ತುಸು ಕಡಿಮೆಯಾದದ್ದರಿಂದ. ನಮ್ಮ ಕಡೆಯ ಸ್ಪೀಕರ್ ಒಮ್ಮೆ ಕೊರೆದು, ಒಮ್ಮೆ ಸುಮ್ಮನಾಗಿ, ಆಮೇಲೆ ಪೂರ್ತಿ ನಿಂತುಹೋಯಿತು.

ಆಗ ಜನರ ಕಾಲುಗಳ ಸಂದಿಯಲ್ಲಿ ನುಸುಳಿಕೊಂಡು, ಜಡೆ ಬಿಚ್ಚಿಹೋಗಿ, ಏದುಸಿರು ಬಿಡುತ್ತಾ ಮಗಳು ಬಂದಳು.

"ಅಪ್ಪ, ಬೇಗ ಬಾ! ಅಜ್ಜಿ ಹಾಡ್ತಿದಾರೆ!"

"ಎಲ್ಲಿ? ಏನು?"

"ಆ ಮನೇಲಿ, ಜಗುಲಿ ಮೇಲೆ. ಅವರ ಹಾಡೇ ಅಜ್ಜೀನೂ ಹಾಡ್ತಿದಾರೆ. ಅಮ್ಮ ಕರ್ಕೊಂಡು ಬಾ ಅಂದ್ಲು."

ನಾನು ಏನೆಂದೆ ಎಂಬುದನ್ನು ಬರೆಯಲೇಬೇಕು. "ಕುರ್ಚಿ ಬಿಟ್ಟು ಹೇಗೆ ಬರೋದೇ? ಅಜ್ಜೀನ ಬೇಗ ಬರೋಕೆ ಹೇಳು, ಹಾಡು ಶುರುವಾಯ್ತು ಅಂತ" ಎಂದೆ.

ಮಗಳು ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಹೇಳಿದ್ದು ತಪ್ಪಾಗಿ ಕೇಳಿಸಿತೇನೋ ಎಂಬಂತೆ. ಆಮೇಲೆ ಬಂದ ದಾರಿಯಲ್ಲೇ ಕಾಲುಗಳ ನಡುವೆ ಮಾಯವಾದಳು.

ಅವಳು ಹೋದ ಮೇಲೆ ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, "ಮೇಷ್ಟ್ರೇ, ಮನೆಯವರು ಬರ್ತಾರಾ ಇಲ್ವಾ?" ಎಂದರು. ಕೇಳುವ ರೀತಿ ಮೃದುವಾಗಿತ್ತು. ಅವರ ಪಕ್ಕದಲ್ಲೇ ಆ ಕೂಸಿನ ತಾಯಿ ನಿಂತಿದ್ದಳು. 5 ಗಂಟೆಯಿಂದ ಅವಳು ನಿಂತೇ ಇದ್ದಳೋ ಏನೋ. ಮಗು ಹೆಗಲ ಮೇಲೆ ನಿದ್ದೆಹೋಗಿತ್ತು. ಮಂತ್ರ ನಾಲಿಗೆಯ ತುದಿಗೆ ಬಂತು, ಹೇಳಲಾಗಲಿಲ್ಲ. ಎದ್ದೆ. ಅವಳು ಕೂತಳು, ಅವರು ಕೂತರು, ಉಳಿದೆರಡರಲ್ಲಿ ಯಾರು ಕೂತರೋ ನೋಡಲಿಲ್ಲ.

ಹೊರಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದೇ ಗೇಟು, ಅದರ ತುಂಬ ಸ್ಕೂಟರ್. ಮೈದಾನದ ಹಿಂದಿನ ಬೀದಿಯಲ್ಲಿ ಹೆಂಚಿನ ಮನೆಯೊಂದರ ಜಗುಲಿಯ ಮೇಲೆ ನಮ್ಮವರು ಕೂತಿದ್ದರು. ಅಮ್ಮನ ಕೈಯಲ್ಲಿ ಕಾಫಿ ಲೋಟ. ಪಕ್ಕದಲ್ಲಿ ಆ ಮನೆಯಾಕೆ. ಬೀದಿಯಲ್ಲಿ ಆಚೀಚೆ ನೋಡುತ್ತಾ ನಿಂತಿದ್ದ ಅಮ್ಮನನ್ನು ಕಂಡು, ಕೇಳುವ ಮೊದಲೇ, "ಒಳಗೆ ಬನ್ನಿ ಅಮ್ಮ, ಹಿತ್ತಲಲ್ಲಿದೆ" ಎಂದು ಕರೆದಿದ್ದರಂತೆ. ಅವರ ಮನೆಗೆ ಅಂದು ಬಂದವರಲ್ಲಿ ಅಮ್ಮ ಒಂಬತ್ತನೆಯವಳು.

ಇನ್ನೊಂದು ವಿಷಯ. ಆ ದೂರದ ಕಂಬದ ಸ್ಪೀಕರ್ ಇದೆಯಲ್ಲ, ನಮ್ಮ ಮಾತು ಎರಡಾಗಿಸಿದ್ದು, ಅದು ಈ ಮನೆಯ ಎದುರಿಗೇ ಇತ್ತು. ಕಟ್ಟಿದವರು ಅದರ ಬಾಯನ್ನು ಮೈದಾನಕ್ಕೆ ತಿರುಗಿಸುವ ಬದಲು ಅರ್ಧ ಬೀದಿಗೆ ತಿರುಗಿಸಿದ್ದರು. ಇಡೀ ಏರ್ಪಾಟಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಅದೊಂದೇ. ಗಾಯಕಿಯ ಉಸಿರು ಕೂಡ ಜಗುಲಿಗೆ ಕೇಳಿಸುತ್ತಿತ್ತು. ನಾನು ಹೋದಾಗ ಅವರು ಶಂಕರಾಭರಣದ ಆಲಾಪನೆಯಲ್ಲಿದ್ದರು. ಅಮ್ಮ ಕಣ್ಣುಮುಚ್ಚಿ ಕೇಳುತ್ತಿದ್ದಳು. ಬಾಯಿ ಮುಚ್ಚಿತ್ತು.

ಕಛೇರಿಗಳು ವರ್ಣದಿಂದ ಆರಂಭವಾಗುವುದು ವಾಡಿಕೆ. ಅಂದು ಅವರು ಎತ್ತಿಕೊಂಡದ್ದು ಮೋಹನ ರಾಗದ ವರ್ಣ, ಆದಿತಾಳದ್ದು. ಅಮ್ಮ ಮದುವೆಗೆ ಮೊದಲು ಕಲಿತ ಎರಡು ವರ್ಣಗಳಲ್ಲಿ ಎರಡನೆಯದು ಅದು. ಹಿತ್ತಲಿನಿಂದ ಕೈಕಾಲು ತೊಳೆದು ಬಂದವಳು, ಅದು ಕಿವಿಗೆ ಬಿದ್ದದ್ದೇ ಜಗುಲಿಯ ಕಂಬ ಹಿಡಿದು ನಿಂತಳಂತೆ. ಆಮೇಲೆ ಕೂತಳಂತೆ. ಕೈ ತೊಡೆಯ ಮೇಲೆ ತಾಳ ಹಾಕತೊಡಗಿತಂತೆ. ಮೊದಲು ಬರೀ ತುಟಿ. ಚರಣದ ಸ್ವರಗಳು ಬಂದಾಗ ದನಿಯೂ ಬಂತಂತೆ. "ಸಣ್ಣ ದನಿ ಅಲ್ಲರೀ. ನಾನು ಯಾರೋ ಅಂತ ತಿರುಗಿ ನೋಡಿದೆ" ಎಂದಳು ಹೆಂಡತಿ. ಎಲ್ಲೂ ತಪ್ಪಲಿಲ್ಲವಂತೆ. ಆ ಮನೆಯಾಕೆ ಕಾಫಿಗೆ ಇಟ್ಟ ಹಾಲನ್ನು ಉಕ್ಕಿಸಿಬಿಟ್ಟರಂತೆ.

"ನಿನ್ನ ಫೋನಲ್ಲಾದರೂ..." ಎಂದು ಶುರುಮಾಡಿದವನು ಸುಮ್ಮನಾದೆ. ಫೋನು ನನ್ನ ಕೈಯಲ್ಲಿದ್ದ ಚೀಲದೊಳಗೇ ಇತ್ತು.

10 ಗಂಟೆಗೆ ಪೊಲೀಸ್ ಜೀಪು ಬಂತು. ವಿಶೇಷ ಅನುಮತಿ ತರದಿದ್ದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ಅನುಮತಿ ತರುವ ಕೆಲಸವನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದರು, ಅವರು ಮತ್ತೊಬ್ಬರಿಗೆ. ಗಾಯಕಿ ಅವಸರದಲ್ಲಿ ಮಂಗಳ ಹಾಡಿ ಮುಗಿಸಿದರು. ಭಾಷಣ, ಸನ್ಮಾನ ಒಂದು ಗಂಟೆ 40 ನಿಮಿಷ, ಸಂಗೀತ ಒಂದು ಗಂಟೆ 10 ನಿಮಿಷ. ನಮ್ಮೂರಿನ ಮಟ್ಟಿಗೆ ಇದು ಕೆಟ್ಟ ಲೆಕ್ಕವೇನಲ್ಲ ಎಂದು ದಿನಸಿ ಅಂಗಡಿಯವರು ಆಮೇಲೆ ನನಗೆ ಹೇಳಿದರು.

ಆಟೋದಲ್ಲಿ, "ಹಾಡಿದೆಯಂತೆ?" ಎಂದೆ ಅಮ್ಮನಿಗೆ.

"ಯಾರು ಹೇಳಿದ್ದು? ಏನೋ ಗೊಣಗಿಕೊಂಡೆ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಟವೆಲ್ ತಂದ್ಯೇನೋ?" ಎಂದಳು.

ತಂದಿರಲಿಲ್ಲ.

ಮಗಳು ಆಟೋದ ಇನ್ನೊಂದು ಅಂಚಿನಲ್ಲಿ ಅಜ್ಜಿಗೆ ಒರಗಿ ಕೂತಿದ್ದಳು. ನಿದ್ದೆ ಬಂದಿರಲಿಲ್ಲ. ನನ್ನ ಜೊತೆ ಮಾತಾಡಲಿಲ್ಲ. ನೀವು ಹೊರಟಿದ್ದರೂ ಅಷ್ಟು ಹೊತ್ತಿಗೆ ವರ್ಣ ಮುಗಿದೇಹೋಗಿರುತ್ತಿತ್ತು ಎಂದು ರಾತ್ರಿ ಹೆಂಡತಿ ಸಮಾಧಾನ ಹೇಳಿದಳು. ನಾನು ಲೆಕ್ಕ ಹಾಕಿ ನೋಡಿದ್ದೇನೆ. ಗೇಟಿನಿಂದ ಇಪ್ಪತ್ತು ನಿಮಿಷ ಬೇಕಾಯಿತು, ನಿಜ. ಮಗಳು ಬಂದ ದಾರಿಯಲ್ಲಿ, ಬಗ್ಗಿ, ಹಿಂದಿನ ಕಾಂಪೌಂಡಿನ ಒಡಕಿನಿಂದ ಹೋಗಿದ್ದರೆ ಮೂರು ನಿಮಿಷ.

ಮರುದಿನ ಭಾನುವಾರ. ಹಲ್ಲುಜ್ಜಲು ಹಿತ್ತಲಿಗೆ ಹೊರಟವನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಅಜ್ಜಿ ಮೊಮ್ಮಗಳಿಗೆ ತಾಳ ಹೇಳಿಕೊಡುತ್ತಿದ್ದಳು. "ಮೊದಲು ಒಂದು ತಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಈಗ ತಟ್ಟು, ತಿರುವು. ಮತ್ತೆ ತಟ್ಟು, ತಿರುವು. ಎಂಟಾಯ್ತಾ? ಅವಸರ ಮಾಡಬೇಡ, ಯಾರೂ ಓಡಿಸಿಕೊಂಡು ಬರ್ತಿಲ್ಲ." ಸ್ಟೀಲ್ ತಟ್ಟೆಯ ಮೇಲೆ ಮಗಳ ಬೆರಳು ಎಣಿಸುವ ಸದ್ದು. ನಾಲ್ಕನೆಯ ಸಲವೋ ಐದನೆಯ ಸಲವೋ ಆ ಸದ್ದಿನ ಜೊತೆಗೆ ಇನ್ನೊಂದು ದನಿ, ತೀರಾ ತಗ್ಗಿನದು, ಸರಳೆಯ ಮೊದಲ ಸಾಲು ಹಿಡಿಯಿತು.

ನಾನು ಬ್ರಷ್ ಹಿಡಿದುಕೊಂಡು ಅಲ್ಲಾಡದೆ ನಿಂತೆ. ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಎಷ್ಟು ಹುಷಾರಾಗಿದ್ದರೂ ಅದು ಒಮ್ಮೆ ಕಿರ್ ಎಂದಿತು.

ಒಳಗೆ ದನಿ ನಿಂತಿತು.

"ಎದ್ದೆಯೇನೋ? ಕಾಫಿ ಕೊಡಲಾ?" ಎಂದಳು ಅಮ್ಮ.